ಪಂಕ್ಚರ್ ಅಂಗಡಿ ಇಲ್ಲದ ಕರಾವಳಿ

ಕ್ಯಾಲಿಫೋರ್ನಿಯಾದ ನಮ್ಮ ಆಫೀಸಲ್ಲಿ ನನ್ನ ಪಕ್ಕ ಕೂರೋ ಅಮೆರಿಕನ್ನು ಒಬ್ಬ ಇದಾನೆ, ಐವತ್ತೈದು ದಾಟಿದೆ, ಮನೇಲಿ ಹಳೇ ಬಿಎಂಡಬ್ಲ್ಯು ಬೈಕೊಂದನ್ನ ಮಗು ಥರ ಸಾಕ್ಕೊಂಡಿದಾನೆ. 2024ರ ಮಾರ್ಚಲ್ಲಿ ಒಂದಿನ ಊಟ ಮಾಡ್ತಾ "ಸೆಪ್ಟೆಂಬರಲ್ಲಿ ಕರಾವಳಿಯ ಹೈವೇ 1ರಲ್ಲಿ ಐದು ದಿನ ರೈಡ್ ಹೋಗ್ತಿದೀನಿ, ಬರ್ತೀಯಾ" ಅಂದ, ಹೂಂ ಅಂದೆ. ಮಾರನೇ ದಿನ ಬೆಳಿಗ್ಗೆ ಮೇಲ್ ತೆಗೆದ್ರೆ ಒಂದು ಎಕ್ಸೆಲ್ ಶೀಟ್ ಬಂದು ಬಿದ್ದಿದೆ. ಯಾವ ದಿನ ಎಷ್ಟು ಮೈಲಿ, ಎಲ್ಲಿ ಪೆಟ್ರೋಲು, ಅವತ್ತು ಸೂರ್ಯ ಎಷ್ಟು ಗಂಟೆಗೆ ಮುಳುಗ್ತಾನೆ, ಹತ್ತಿರದ ಆಸ್ಪತ್ರೆ ಯಾವುದು, ಫೋನ್ ಸಿಗ್ನಲ್ ಎಲ್ಲಿಂದ ಎಲ್ಲಿವರೆಗೆ ಇರಲ್ಲ, ರೋಡ್ ಮುಚ್ಚಿದ್ರೆ ಯಾವ ಕಡೆಯಿಂದ ಸುತ್ತಿ ಹೋಗೋದು, ಅದಕ್ಕೇ ಅಂತ ಇನ್ನೊಂದು ಶೀಟ್ ಬೇರೆ. ನಾನು ಮಾಡಿದ ಮೊದಲನೇ ಕೆಲಸ ಅಂದ್ರೆ ಅದರ ಸ್ಕ್ರೀನ್‌ಶಾಟ್ ತೆಗೆದು ನಮ್ಮ ಕಾಲೇಜಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದು. "ಇವ್ನು ರೈಡ್ ಹೋಗ್ತಿದಾನೋ ಮಗಳ ಮದುವೆ ಮಾಡ್ತಿದಾನೋ" ಅಂತ ಒಬ್ಬ, "ಮುಹೂರ್ತ ಯಾವ ಕಾಲಮ್ಮಲ್ಲಿದೆ ಮಗಾ" ಅಂತ ಇನ್ನೊಬ್ಬ. ಎರಡು ದಿನ ಅದೇ ತಮಾಷೆ ಓಡ್ತು.

ಯಾಕಂದ್ರೆ ನಾವು ಹೋಗ್ತಿದ್ದ ರೀತಿನೇ ಬೇರೆ. ರಾತ್ರಿ ಹನ್ನೊಂದಕ್ಕೆ ಟೀ ಅಂಗಡಿ ಮುಂದೆ ನಿಂತು ಯಾರೋ ಒಬ್ಬ "ಗೋಕರ್ಣ?" ಅಂತಾನೆ, ಬೆಳಗಿನ ಜಾವ ನಾಲ್ಕಕ್ಕೆ ಆರು ಬೈಕು ಹೊರಟಿರುತ್ತೆ. ರೂಮ್ ಬುಕ್ ಮಾಡಿದ್ದು ಅಂತ ಒಂದು ಸಲನೂ ನೆನಪಿಲ್ಲ. ಎರಡು ಗಾಡಿಗೆ ಚೈನು ಜೋತಾಡ್ತಿರುತ್ತೆ, ಒಂದಕ್ಕೆ ಇಂಡಿಕೇಟರ್ ಇರಲ್ಲ, ಒಬ್ಬನ ಹತ್ರ ಲೈಸೆನ್ಸ್ ಇದೆಯೋ ಇಲ್ವೋ ಅಂತ ಕೇಳೋಕೂ ಯಾರೂ ಹೋಗಲ್ಲ. ಆದ್ರೂ ಹೋಗಿ ಬಂದ್ವಿ, ಒಂದಲ್ಲ ಹತ್ತು ಸಲ. ಕುಮಟಾ ಹತ್ರ ಟೈರ್ ಪಂಕ್ಚರ್ ಆದಾಗ ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆಯೋದ್ರೊಳಗೆ ಲೂನಾದಲ್ಲಿ ಬಂದ ಒಬ್ರು ಯಜಮಾನ್ರು "ಮುಂದೆ ಅರ್ಧ ಕಿಲೋಮೀಟರು, ಎಡಕ್ಕೆ ಟೈರ್ ನೇತಾಕಿರ್ತಾನೆ ನೋಡಿ" ಅಂದು ಹೋದ್ರು. ಅಂಗಡಿಯವನು ಊಟಕ್ಕೆ ಹೋಗಿದ್ದ, ಅವನ ತಮ್ಮ ಓಡಿ ಹೋಗಿ ಕರ್ಕೊಂಡು ಬಂದ. ನಮ್ಮ ಎಕ್ಸೆಲ್ ಶೀಟ್ ಅಂದ್ರೆ ಇದೇ.

ಈಗ ನಾನು ಹೇಳೋಕೆ ಹೊರಟಿರೋದು ಏನಪ್ಪಾ ಅಂದ್ರೆ, ಅವ್ರು ಶಿಸ್ತಿನೋರು ನಾವು ಬೇಜವಾಬ್ದಾರಿಯೋರು ಅನ್ನೋ ಹಳೇ ಪುರಾಣ ಅಲ್ಲ. ಅಮೆರಿಕನ್ನರು ಪ್ಲಾನ್ ಮಾಡೋದು ಹುಟ್ಟುಗುಣದಿಂದ ಅಂತ ನಾನೂ ಅನ್ಕೊಂಡಿದ್ದೆ, ಐದು ದಿನ ಆ ರೋಡಲ್ಲಿ ಹೋದ ಮೇಲೆ ಹಾಗನ್ಸಲ್ಲ. ನಮ್ಮ ರೋಡಲ್ಲಿ ಜನ ಇದಾರೆ, ಅವರ ರೋಡಲ್ಲಿ ಜನ ಇಲ್ಲ, ಅಷ್ಟೇ. ಆ ಜನ ಮಾಡೋ ಕೆಲಸಾನೆಲ್ಲ ಅಲ್ಲಿ ಕಾಗದ ಮಾಡ್ಬೇಕು.

ಹೈವೇ ಒಂದು ಅಂದ್ರೆ ಕ್ಯಾಲಿಫೋರ್ನಿಯಾದ ಸ್ಟೇಟ್ ರೂಟ್ 1. ಉತ್ತರದಲ್ಲಿ ಲೆಗೆಟ್ ಅನ್ನೋ ಕಾಡಿನೂರಿಂದ ದಕ್ಷಿಣದಲ್ಲಿ ಡೇನಾ ಪಾಯಿಂಟ್‌ವರೆಗೆ 656 ಮೈಲಿ, ಅಂದ್ರೆ ಸಾವಿರದೈವತ್ತು ಕಿಲೋಮೀಟರ್ ಚಿಲ್ಲರೆ. ಊರಿಂದ ಬರೋ ಗೆಳೆಯರು ಈ ನಂಬರ್ ನೋಡಿ "ಅಷ್ಟೇನಾ, ಎರಡು ದಿನದಲ್ಲಿ ಹೊಡೀಬಹುದಲ್ಲ ಗುರೂ" ಅಂತಾರೆ. ಅಮೆರಿಕದ ರೋಡ್ ಅಂದ್ರೆ ಎಂಟು ಲೇನು, ನೂರಿಪ್ಪತ್ತರಲ್ಲಿ ಹೋಗೋದು ಅನ್ನೋ ಕಲ್ಪನೆ. ಈ ರೋಡ್ ಬಹುಪಾಲು ಎರಡೇ ಲೇನು, ಒಂದು ಕಡೆ ಬೆಟ್ಟ ಇನ್ನೊಂದು ಕಡೆ ಪ್ರಪಾತ, ಸುಮಾರು ಕಡೆ ತಡೆಗೋಡೆನೂ ಇಲ್ಲ. ಲೆಗೆಟ್ಟಿಂದ ಸಮುದ್ರ ಕಾಣೋವರೆಗಿನ ಮೊದಲ 22 ಮೈಲಿ ಚಾರ್ಮಾಡಿ ಘಾಟಿನ ಎಳೆದು ಉದ್ದ ಮಾಡಿದ ಹಾಗಿದೆ, ನೆರಳಲ್ಲಿ ಒದ್ದೆ ಎಲೆ ಬಿದ್ದಿರುತ್ತೆ, ತಿರುವು ಮುಗೀತು ಅನ್ನೋವಾಗ ಇನ್ನೊಂದು. ಮೈಲಿ ಲೆಕ್ಕದಲ್ಲಿ ಪ್ಲಾನ್ ಮಾಡಿದೋರು ಇಲ್ಲೇ ಮೊದಲು ಎಡವೋದು. ನಮ್ಮ ಅಮೆರಿಕನ್ನು ಗಂಟೆಗೆ 30 ಮೈಲಿ ಅಂತ ಹಿಡಿದಿದ್ದ, ನಾನು ಒಳಗೊಳಗೇ ನಕ್ಕಿದ್ದೆ, ಕೊನೆಗೆ ನೋಡಿದ್ರೆ ಅದೂ ಸ್ವಲ್ಪ ಜಾಸ್ತಿನೇ ಆಯ್ತು, ಯಾಕಂದ್ರೆ ಹತ್ತು ಮೈಲಿಗೊಂದು ಕಡೆ ನಿಲ್ಲಿಸಿ ನೋಡ್ಬೇಕು ಅನ್ಸುತ್ತೆ.

ಯಾವ ದಿಕ್ಕಿಗೆ ಹೋಗ್ಬೇಕು ಅನ್ನೋದು ಮೊದಲು ತೀರ್ಮಾನ ಆಗ್ಬೇಕು. ನಮ್ದೂ ಪಡುವಣ ಕರಾವಳಿ, ಅವರ್ದೂ ಪಡುವಣ ಕರಾವಳಿ. ನಾವು ಎಡಗಡೆ ಓಡಿಸೋರು, ಹಾಗಾಗಿ ಮಂಗಳೂರಿಂದ ಕಾರವಾರಕ್ಕೆ ಉತ್ತರಾಭಿಮುಖವಾಗಿ ಹೋದ್ರೆ ಸಮುದ್ರ ನಮ್ಮ ಲೇನಿನ ಪಕ್ಕಕ್ಕೇ ಇರುತ್ತೆ, ಮರವಂತೆಯಲ್ಲಿ ಗಾಡಿ ಸೈಡಿಗೆ ಹಾಕಿದ್ರೆ ಸಾಕು. ಅಲ್ಲಿ ಬಲಗಡೆ ಓಡಿಸ್ತಾರೆ, ಅದಕ್ಕೆ ಉತ್ತರದಿಂದ ದಕ್ಷಿಣಕ್ಕೆ ಇಳೀಬೇಕು. ಕನ್ನಡಿಯಲ್ಲಿ ನೋಡಿದ ಹಾಗೆ. ನೋಡೋ ಜಾಗ ಎಲ್ಲ ಬಲಕ್ಕೇ ಸಿಗುತ್ತೆ, ಎದುರು ಬರೋ ಗಾಡಿಗಳನ್ನ ಅಡ್ಡ ಹಾಯ್ಕೊಂಡು ಹೋಗೋ ಗೋಜಿಲ್ಲ, ಗಾಳಿನೂ ಸಾಮಾನ್ಯವಾಗಿ ವಾಯವ್ಯದಿಂದ ಬೀಸೋದ್ರಿಂದ ಬೆನ್ನ ಹಿಂದೆ ಇರುತ್ತೆ. ಆದ್ರೆ ಊರಿಂದ ನೇರ ಬಂದು ಬೈಕ್ ಹತ್ತೋರಿಗೆ ಒಂದು ಮಾತು. ಟ್ರಾಫಿಕ್ಕಲ್ಲಿ ತಪ್ಪು ಸೈಡಿಗೆ ಯಾರೂ ಹೋಗಲ್ಲ, ಮುಂದೆ ಗಾಡಿ ಇರುತ್ತಲ್ಲ, ಅದರ ಹಿಂದೆ ಹೋಗ್ತೀವಿ. ತಪ್ಪೋದು ಬೆಳಿಗ್ಗೆ ಆರೂವರೆಗೆ ಫೋಟೋ ತೆಗೆದು ಖಾಲಿ ರೋಡಿಗೆ ಇಳಿಯೋವಾಗ, ಕೈ ತಾನಾಗೇ ಎಡಕ್ಕೆ ಹೋಗುತ್ತೆ. ನಾನು ಟ್ಯಾಂಕ್ ಮೇಲೆ ಬಲಕ್ಕೆ ಬಾಣದ ಗುರುತು ಇರೋ ಟೇಪ್ ಅಂಟಿಸ್ಕೊಂಡಿದ್ದೆ. ಇಲ್ಲಿಗೆ ಬಂದು ಏಳು ವರ್ಷ ಆದೋನು, ಕಾರಲ್ಲಿ ಯಾವತ್ತೂ ಗೊಂದಲ ಆಗಿಲ್ಲ, ಬೈಕ್ ಮೇಲೆ ಕೂತ ತಕ್ಷಣ ಮೈ ಹಾಸನದ ರೋಡಿಗೆ ವಾಪಸ್ ಹೋಗ್ಬಿಡುತ್ತೆ.

ಲೈಸೆನ್ಸ್ ವಿಷಯ ಬೇಗ ಹೇಳಿ ಮುಗಿಸ್ತೀನಿ. ಟೂರಿಸ್ಟ್ ಆಗಿ ಬರೋ ವಯಸ್ಕರು ಊರಿನ ಲೈಸೆನ್ಸಲ್ಲೇ ಓಡಿಸಬಹುದು, ಆದ್ರೆ ಅದರಲ್ಲಿ ಗೇರ್ ಇರೋ ಬೈಕ್ ಸೇರಿರಬೇಕು. ಜೊತೆಗೆ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸ್ಕೊಳ್ಳಿ, ಬಾಡಿಗೆ ಕೊಡೋರು ಕೇಳ್ತಾರೆ, ಅದರಲ್ಲಿ ಎ ಅಂತ ಇರೋ ಬೈಕಿನ ಜಾಗದಲ್ಲಿ ಸೀಲ್ ಬಿದ್ದಿದೆಯಾ ಅಂತ ಅಲ್ಲೇ ನಿಂತು ನೋಡಿ, ಕಾರಿಗೆ ಮಾತ್ರ ಹೊಡೆದು ಕೊಟ್ಟು ಕಳಿಸಿದ್ರೆ ಇಲ್ಲಿ ಏನೂ ಮಾಡೋಕಾಗಲ್ಲ. ಇಲ್ಲೇ ವಾಸ ಇರೋರಿಗೆ ಎಂ1 ಅನ್ನೋ ಬೈಕ್ ಲೈಸೆನ್ಸ್ ಬೇಕು. ನಾನು ಅದಕ್ಕೆ ಟ್ರೇನಿಂಗ್ ಕೋರ್ಸ್ ತಗೊಂಡೆ, ತಗೊಂಡ್ರೆ ಡಿಎಂವಿಯಲ್ಲಿ, ಅಂದ್ರೆ ಇಲ್ಲಿನ ಆರ್‌ಟಿಒದಲ್ಲಿ, ಓಡಿಸಿ ತೋರಿಸೋ ಟೆಸ್ಟ್ ಮಾಫಿ. ಹದಿನಾರನೇ ವಯಸ್ಸಿಂದ ಬೈಕ್ ಓಡಿಸ್ತಿರೋನಿಗೆ ಇನ್ನೇನು ಕಲಿಸ್ತಾರೆ ಅನ್ನೋ ಜಂಬ ಇತ್ತು. ಮೊದಲನೇ ಗಂಟೆಯಲ್ಲೇ ಕಲಿಸೋ ಹೆಂಗಸು, ನಮ್ಮ ಅಮ್ಮನ ವಯಸ್ಸಿನೋರು, ನಾನು ಬ್ರೇಕಿಗೆ ಬರೀ ಕಾಲು ಬಳಸ್ತೀನಿ, ಮುಂದಿನ ಬ್ರೇಕ್ ಮುಟ್ಟೋದೇ ಇಲ್ಲ ಅನ್ನೋದನ್ನ ಕಂಡುಹಿಡಿದ್ರು. "ಮುಂದಿನ ಬ್ರೇಕ್ ಹಿಡಿದ್ರೆ ಬೀಳ್ತೀಯ" ಅಂತ ನಮ್ಮಪ್ಪ ಹೇಳಿಕೊಟ್ಟಿದ್ದು ಇಪ್ಪತ್ತು ವರ್ಷದಿಂದ ಬೆರಳಲ್ಲಿ ಕೂತಿತ್ತು. ಎಂಟು ಹಾಕಿ ತೋರಿಸಿದ್ದಕ್ಕೆ ಊರಲ್ಲಿ ಲೈಸೆನ್ಸ್ ಕೊಟ್ರು, ನಿಲ್ಲಿಸೋದು ಹೇಗೆ ಅಂತ ಯಾರೂ ಕೇಳಲಿಲ್ಲ.

ಇನ್ಶೂರೆನ್ಸ್ ಮಾತ್ರ ಬೇಗ ಮುಗಿಸೋ ವಿಷಯ ಅಲ್ಲ. ಬಾಡಿಗೆ ದಿನಕ್ಕೆ ನೂರು ಡಾಲರ್ ಮೇಲೇ ಹೋಗುತ್ತೆ, ಅದರ ಜೊತೆ ಡೆಪಾಸಿಟ್ ಅಂತ ಕಾರ್ಡಲ್ಲಿ ಒಂದಿಷ್ಟು ಹಿಡಿದಿಡ್ತಾರೆ, ಅದೆಲ್ಲ ನೋಡಿ ಕೈ ಬಿಗಿ ಮಾಡ್ಕೊಂಡು ಎಲ್ಲರೂ ಕತ್ತರಿ ಹಾಕೋದು ಇನ್ಶೂರೆನ್ಸಿಗೇ. "ಕ್ರೆಡಿಟ್ ಕಾರ್ಡಲ್ಲೇ ಬರುತ್ತಲ್ಲ" ಅಂತಾರೆ. ಕಾರಿಗೆ ಬರುತ್ತೆ ಸ್ವಾಮಿ, ಬೈಕನ್ನ ಬಹುತೇಕ ಕಾರ್ಡ್‌ಗಳು ಸಣ್ಣಕ್ಷರದಲ್ಲಿ ಹೊರಗಿಟ್ಟಿರ್ತವೆ. ಊರಲ್ಲಿ ಮಾಡಿಸೋ ಟ್ರಾವೆಲ್ ಪಾಲಿಸಿಯಲ್ಲೂ ಎಷ್ಟೋ ಸಲ ಅದೇ ಕಥೆ. ಕ್ಯಾಲಿಫೋರ್ನಿಯಾ ಕಾನೂನು ಕಡ್ಡಾಯ ಮಾಡಿರೋ ಕನಿಷ್ಠ ಮೊತ್ತ ಇದೆಯಲ್ಲ, ಇನ್ನೊಬ್ಬರಿಗೆ ಪೆಟ್ಟಾದ್ರೆ ಕೊಡೋಕೆ, ಅದು 2024ರವರೆಗೂ ಒಬ್ಬರಿಗೆ ಬರೀ 15 ಸಾವಿರ ಡಾಲರ್ ಇತ್ತು, 2025ರ ಜನವರಿಯಿಂದ 30 ಸಾವಿರ ಆಗಿದೆ. ಈ ದೇಶದ ಆಸ್ಪತ್ರೆ ಬಿಲ್ ನೋಡಿದೋರಿಗೆ ಆ ದುಡ್ಡು ಎಲ್ಲೀವರೆಗೆ ಬರುತ್ತೆ ಅಂತ ಗೊತ್ತು. ಊರಲ್ಲಿ ಬಿದ್ರೆ ಯಾರೋ ಎತ್ತಿ ಆಟೋದಲ್ಲಿ ಹಾಕ್ತಾರೆ, ಯಾವನೋ ಮಾವನ ಮಗ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿರ್ತಾನೆ. ಇಲ್ಲಿ ಆ ಮಾವನ ಮಗ ಸಿಗೋದು ಪಾಲಿಸಿ ಪೇಪರಲ್ಲಿ. ಹೆಚ್ಚುವರಿ ಲಯಬಿಲಿಟಿ ಕವರ್, ಅಂದ್ರೆ ಇನ್ನೊಬ್ಬರಿಗೆ ಆದ ನಷ್ಟಕ್ಕೆ ಕಟ್ಟಿಕೊಡೋದು, ತಗೊಳ್ಳಿ, ಬೇಕಾದ್ರೆ ಒಂದು ದಿನ ಕಮ್ಮಿ ಹೋಗಿ.

ಹೊರಟ ದಿನ ಸ್ಯಾನ್ ಹೋಸೆಯಿಂದ ಹೈವೇ 101ರಲ್ಲಿ ನೇರ ಉತ್ತರಕ್ಕೆ, ಗೋಲ್ಡನ್ ಗೇಟ್ ದಾಟಿ ಲೆಗೆಟ್, ಅಲ್ಲಿಂದ ತಿರುಗಿ ಫೋರ್ಟ್ ಬ್ರ್ಯಾಗ್, 270 ಮೈಲಿ ಹತ್ತಿರ, ಐದು ದಿನದಲ್ಲಿ ಅದೇ ಉದ್ದ. ಊರು ದಾಟೋ ಟ್ರಾಫಿಕ್ಕಲ್ಲಿ ಮಾತ್ರ ನಾನು ಹೀರೋ. ನಿಂತಿರೋ ಕಾರುಗಳ ಮಧ್ಯೆ ಬೈಕ್ ನುಗ್ಗಿಸೋದು ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬದ್ಧ, 2016ರಲ್ಲಿ ಕಾಯ್ದೆ ಮಾಡಿ ಲೇನ್ ಸ್ಪ್ಲಿಟಿಂಗ್ ಅಂತ ಹೆಸರಿಟ್ಟು ಬರೆದಿಟ್ಟಿದಾರೆ. ಸಿಲ್ಕ್ ಬೋರ್ಡಲ್ಲಿ ಪದವಿ ಪಡೆದೋನಿಗೆ ಇದೇನು ಮಹಾ ಅನ್ಕೊಂಡು ನುಗ್ಗಿದೆ, ಹಿಂದೆ ನೋಡಿದ್ರೆ ನಮ್ಮ ಅಮೆರಿಕನ್ನು ಅಂಬೆಗಾಲಿಟ್ಟ ಹಾಗೆ ಬರ್ತಿದಾನೆ. ಬಂಕಲ್ಲಿ ನಿಲ್ಲಿಸಿದಾಗ ಒಂದೇ ಮಾತು ಅಂದ, "ನಿಮ್ಮೂರಲ್ಲಿ ಕಾರಿನೋರು ನೀನು ಬರ್ತೀಯ ಅಂತ ಕಾಯ್ತಿರ್ತಾರೆ, ಇಲ್ಲಿ ಯಾರೂ ಕಾಯ್ತಿರಲ್ಲ." ಆಮೇಲೆ ನಾನೂ ನಿಧಾನ ಮಾಡಿದೆ.

ಪೆಟ್ರೋಲ್ ಹಾಕೋದ್ರಲ್ಲೂ ಒಂದು ಸಣ್ಣ ಪಾಠ. ಬಂಕಲ್ಲಿ "ಝೀರೋ ನೋಡ್ಕೊಳ್ಳಿ ಸಾರ್" ಅನ್ನೋಕೆ ಯಾರೂ ಇರಲ್ಲ, ನಾವೇ ಹಾಕ್ಕೋಬೇಕು. ಊರಿನ ಕಾರ್ಡ್ ಹಾಕಿದ್ರೆ ಪಿನ್‌ಕೋಡ್ ಕೇಳಿ ಕೈ ಎತ್ತುತ್ತೆ, ಒಳಗೆ ಹೋಗಿ ಇಂತಿಷ್ಟು ಅಂತ ಮೊದಲೇ ದುಡ್ಡು ಕಟ್ಟಬೇಕು. 87 ಅಂತ ಬರೆದಿರೋದು ನೋಡಿ ಕಳಪೆ ಅಂತ ಹೆದರಬೇಡಿ, ಅಳೆಯೋ ರೀತಿ ಬೇರೆ ಅಷ್ಟೇ, ಸುಮಾರಾಗಿ ನಮ್ಮೂರಿನ 91 ಆಕ್ಟೇನೇ ಅದು. ಇನ್ನೊಂದು, ಇಲ್ಲಿನ ನಳಿಗೆ ಸುತ್ತ ಎಷ್ಟೋ ಬಂಕಲ್ಲಿ ರಬ್ಬರಿನ ತೋಳು ಇರುತ್ತೆ, ಪೆಟ್ರೋಲಿನ ಆವಿ ಹೊರಗೆ ಹೋಗದ ಹಾಗೆ ಹಿಡಿಯೋಕೆ. ಅದು ಒತ್ತಿಕೊಂಡ್ರೆ ಮಾತ್ರ ಪೆಟ್ರೋಲ್ ಬರೋದು, ಕಾರಿಗೆ ತಾನಾಗೇ ಒತ್ತುತ್ತೆ, ಬೈಕಿಗೆ ಒತ್ತಲ್ಲ. ಒಂದು ಕೈಲಿ ರಬ್ಬರ್ ಹಿಂದಕ್ಕೆ ಎಳೆದು ಇನ್ನೊಂದು ಕೈಲಿ ಹಾಕ್ಬೇಕು. ನಾನು ಐದು ನಿಮಿಷ ಪಂಪ್ ಕೆಟ್ಟಿದೆ ಅಂತ ಬೈಕೊಂಡು ನಿಂತಿದ್ದೆ.

ಎರಡನೇ ದಿನ ಫೋರ್ಟ್ ಬ್ರ್ಯಾಗಿಂದ ಬೊಡೇಗಾ ಬೇ, ಬರೀ 110 ಮೈಲಿ. ಪಾಯಿಂಟ್ ಅರೀನಾದಲ್ಲಿ ದೀಪಸ್ತಂಭ ಇದೆ, 1906ರ ಭೂಕಂಪದಲ್ಲಿ ಹಳೇದು ಹಾಳಾಗಿ 1908ರಲ್ಲಿ ಮತ್ತೆ ಕಟ್ಟಿದ್ದು. ಮುಂದೆ ಫೋರ್ಟ್ ರಾಸ್ ಬರುತ್ತೆ, 1812ರಲ್ಲಿ ರಷ್ಯನ್ನರು ಬಂದು ಕಟ್ಟಿದ ಕೋಟೆ, ಅಮೆರಿಕದ ಕರಾವಳಿಯಲ್ಲಿ ರಷ್ಯದ ಕೋಟೆ ಅಂದ್ರೆ ನಂಬ್ತೀರಾ. ಆ ಎರಡರ ಮಧ್ಯೆ ಎಲ್ಲೋ ನನ್ನ ಹಿಂದಿನ ಟೈರು ಮೆತ್ತಗಾದ ಹಾಗೆ ಅನ್ಸಿ ನಿಲ್ಲಿಸಿದೆ. ಮೊಳೆ.

ಸಿಗ್ನಲ್ ಇಲ್ಲ. ಬಾಡಿಗೆ ಕೊಟ್ಟೋರು "ಏನಾದ್ರೂ ಆದ್ರೆ 24 ಗಂಟೆನೂ ಫೋನ್ ಮಾಡಿ" ಅಂತ ಒಂದು ನಂಬರ್ ಕೀಚೈನಿಗೆ ಕಟ್ಟಿ ಕೊಟ್ಟಿದ್ರು, ಅದನ್ನ ಹಿಡ್ಕೊಂಡು ಸಮುದ್ರ ನೋಡ್ತಾ ನಿಂತೆ. ಮೂರು ಕಾರು ಹೋದವು. ನಾಲ್ಕನೇದು ಪಿಕಪ್ಪು, ನಿಧಾನ ಮಾಡಿದ, ಕಿಟಕಿ ಇಳಿಸಿ "ಎಲ್ಲ ಸರಿ ಇದೆಯಾ" ಅಂದ, ನಮ್ಮ ಅಮೆರಿಕನ್ನು ಹೆಬ್ಬೆರಳು ಎತ್ತಿ ತೋರಿಸಿದ, ಅವನು ಹೋದ. ನಂಗೆ ಸಿಟ್ಟೇ ಬಂತು, ಸರಿ ಇಲ್ಲ ಅಂತ ಕಣ್ಣಿಗೆ ಕಾಣ್ತಿದೆಯಲ್ಲ ಮಾರಾಯ! ಆದ್ರೆ ಅವನು ಕೇಳಿದ್ದು ಪಂಕ್ಚರ್ ಬಗ್ಗೆ ಅಲ್ಲ, ನಿಮ್ಮ ಹತ್ರ ದಾರಿ ಇದೆಯಾ ಇಲ್ವಾ ಅಂತ. ಇತ್ತು. ನಮ್ಮ ಅಮೆರಿಕನ್ನು ಆಗಲೇ ಸ್ಯಾಡಲ್ ಬ್ಯಾಗಿಂದ ಒಂದು ಚೀಲ ತೆಗೆದು ಹರಡಿದ್ದ, ಟ್ಯೂಬ್‌ಲೆಸ್ ಟೈರಿಗೆ ತುರುಕೋ ಪ್ಲಗ್ಗು, ಅಂಟು, ಬ್ಯಾಟರಿಗೆ ಸಿಕ್ಕಿಸೋ ಪುಟಾಣಿ ಕಂಪ್ರೆಸರ್. ಮೊಳೆ ಕಿತ್ತು, ತೂತು ಉಜ್ಜಿ, ಪ್ಲಗ್ ತುರುಕಿ, ಗಾಳಿ ಹಾಕಿ, ಉಗುಳು ಹಚ್ಚಿ ಗುಳ್ಳೆ ಬರುತ್ತಾ ನೋಡಿ, ಇಪ್ಪತ್ತೈದು ನಿಮಿಷ. ಶೀಟಲ್ಲಿ "ರೋಡ್ ಸೈಡ್" ಅಂತ ಒಂದು ಸಾಲಿತ್ತು, ನಮ್ಮ ಗ್ರೂಪಲ್ಲಿ ಜಾಸ್ತಿ ನಗು ಬಂದಿದ್ದು ಅದಕ್ಕೇ, ಅದರಲ್ಲಿ ಈ ಚೀಲದ ಪ್ರತಿ ಸಾಮಾನಿನ ಹೆಸರೂ ಇತ್ತು. ಲೂನಾದ ಯಜಮಾನ್ರು, ಅಂಗಡಿಯವನು, ಓಡಿ ಹೋದ ತಮ್ಮ, ಮೂರೂ ಜನಾನ ಮಡಚಿ ಆ ಚೀಲದಲ್ಲಿ ಇಟ್ಕೊಂಡು ಬಂದಿದ್ದ ಪುಣ್ಯಾತ್ಮ.

ಇನ್ನೊಂದು ಸಣ್ಣ ಕಿತ್ತಳೆ ಬಣ್ಣದ ಡಬ್ಬಿ ಅವನ ಹೆಗಲ ಪಟ್ಟಿಗೆ ಸಿಕ್ಕಿಸಿತ್ತು, ಉಪಗ್ರಹದಿಂದ ಮೆಸೇಜ್ ಕಳಿಸೋದು. ಈಗಿನ ಕೆಲವು ಫೋನಲ್ಲೂ ಆ ಸೌಲಭ್ಯ ಬಂದಿದೆ, ಐಫೋನಲ್ಲಿ 14ರಿಂದ. ಬಿಗ್ ಸರ್ ಅಂತ ಮುಂದೆ ಬರೋ ಬೆಟ್ಟದ ಕರಾವಳಿ ಕಡೆ ಹೋಗೋರು ಇದೊಂದನ್ನ ಮರೀಬೇಡಿ, ಅಲ್ಲಿ ಬೈಕಿಂದ ಜಾರಿದ್ರೆ ಪೊದೆ ಒಳಗೆ ಬೀಳ್ತೀರ, ರೋಡಲ್ಲಿ ಹೋಗೋರಿಗೆ ಕಾಣೋದೂ ಇಲ್ಲ.

ಅಷ್ಟೊತ್ತಿಗೆ ನಾನು ಅವನ ಶಿಷ್ಯ ಆಗ್ಬಿಟ್ಟೆ ಅನ್ಕೋಬೇಡಿ. ಅವತ್ತೇ ಮಧ್ಯಾಹ್ನ ಜಗಳ ಆಯ್ತು. ಗುವಾಲಾಲ ಅನ್ನೋ ಊರಿನ ಹತ್ರ ಸಮುದ್ರದ ಮರಳು ಅಡ್ಡ ಬಿದ್ದು ನದಿ ಅಲ್ಲೇ ನಿಂತಿದೆ, ಬಿಸಿಲು ಬಂದಿದೆ, ಒಂದು ಗಂಟೆ ಮಲಗೋಣ ಅಂದೆ. ಇಲ್ಲ, ಪಂಕ್ಚರ್ ನಮ್ಮ ಬಫರ್, ಅಂದ್ರೆ ಕೈಲಿದ್ದ ಹೆಚ್ಚುವರಿ ಟೈಮು, ತಿಂದುಬಿಡ್ತು ಅಂದ. ಬಫರ್ ಅಂತೆ! ರಜಾ ಹಾಕಿ ಬಂದಿರೋನಿಗೆ ಆಫೀಸಿನ ಮಾತು ಯಾಕೆ ಬೇಕು. ರೂಮ್ ಬುಕ್ ಆಗಿದೆ, ದುಡ್ಡು ಕಟ್ಟಾಗಿದೆ, ಅದಕ್ಕೋಸ್ಕರ ಓಡಬೇಕು. ಆಮೇಲೆ ನೋಡಿದ್ರೆ ಬೊಡೇಗಾದಲ್ಲಿ ನಾವು ಇಳ್ಕೊಂಡ ಕಡೆ ಅರ್ಧಕ್ಕರ್ಧ ಖಾಲಿ, ವಾರದ ದಿನ ಬೇರೆ. ಇಲ್ಲೇ ನಂಗೆ ಅವರ ಪದ್ಧತಿ ಹಿಡಿಸದೇ ಇರೋದು, ಜನ ಇಲ್ಲದ ಕಡೆಗೆ ಅಂತ ಶುರುವಾದ ಅಭ್ಯಾಸಾನ ಜನ ಇರೋ ಕಡೆಗೂ ಎಳ್ಕೊಂಡು ಬಂದಿದಾರೆ. ಹೋಟೆಲ್ ಮಾಲೀಕ ಬಾಗಿಲಲ್ಲೇ ನಿಂತಿದ್ರೂ ಅವನನ್ನ ಮಾತಾಡಿಸಲ್ಲ, ಫೋನಲ್ಲಿ ರೂಮ್ ಹುಡುಕ್ತಾರೆ. ನಿಜವಾಗ್ಲೂ ಮೊದಲೇ ಕಾಯ್ದಿರಿಸಬೇಕಾಗಿದ್ದು ಬಿಗ್ ಸರ್ ಕಡೆ ಸ್ಟೇಟ್ ಪಾರ್ಕಿನ ಟೆಂಟ್ ಜಾಗ ಒಂದೇ, ಅದು ಆರು ತಿಂಗಳು ಮುಂಚೆ ಬೆಳಿಗ್ಗೆ ಎಂಟಕ್ಕೆ ತೆರೆಯುತ್ತೆ, ನಮ್ಮ ತತ್ಕಾಲ್ ಟಿಕೆಟ್ ಥರ ಕಣ್ಣು ಮಿಟುಕಿಸೋದ್ರೊಳಗೆ ಮುಗಿದಿರುತ್ತೆ. ನಮಗೆ ಸಿಗಲಿಲ್ಲ, ಮಾಂಟೆರೇಯಲ್ಲೇ ಇಳ್ಕೊಂಡ್ವಿ.

ಮೂರನೇ ದಿನ ಪೂರ್ತಿ ಮಂಜು. ಊರಿನೋರಿಗೆ ಕ್ಯಾಲಿಫೋರ್ನಿಯಾ ಅಂದ್ರೆ ಬಿಸಿಲು, ಕರಾವಳಿಯಲ್ಲಿ ಬೇಸಿಗೆ ಅಂದ್ರೆ ಮಂಜು, ಜೂನ್ ಜುಲೈಯಲ್ಲಿ ಮಧ್ಯಾಹ್ನದವರೆಗೂ ಸಮುದ್ರನೇ ಕಾಣಲ್ಲ. ಸೆಪ್ಟೆಂಬರ್ ಅಕ್ಟೋಬರ್ ಪರವಾಗಿಲ್ಲ ಅಂತ ಹೋಗಿದ್ದು, ಅದೃಷ್ಟ ಕೆಟ್ಟಿತ್ತು. ಸ್ಯಾನ್ ಫ್ರಾನ್ಸಿಸ್ಕೋ ದಾಟಿದ ಮೇಲೆ ಡೆವಿಲ್ಸ್ ಸ್ಲೈಡ್ ಅಂತ ಒಂದು ಗುಡ್ಡ, ಅಲ್ಲಿ ರೋಡ್ ಮತ್ತೆ ಮತ್ತೆ ಕುಸೀತಾ ಇತ್ತು ಅಂತ 2013ರಲ್ಲಿ ಗುಡ್ಡಾನೇ ಕೊರೆದು ಜೋಡಿ ಸುರಂಗ ಮಾಡಿದ್ರು, ಹಳೇ ರೋಡಲ್ಲಿ ಈಗ ಜನ ವಾಕಿಂಗ್ ಹೋಗ್ತಾರೆ. ಮಾಂಟೆರೇ ಪಕ್ಕ ಹದಿನೇಳು ಮೈಲಿ ಡ್ರೈವ್ ಅಂತ ಹೆಸರುವಾಸಿ ಖಾಸಗಿ ರೋಡ್ ಇದೆ, ಅದರೊಳಗೆ ಬೈಕ್ ಬಿಡಲ್ಲ, ಇದು ನಮ್ಮ ಅಮೆರಿಕನ್ನಿಗೆ ಗೊತ್ತಿತ್ತು, ನಾನು ಗೇಟ್‌ವರೆಗೆ ಹೋಗಿ ಮುಖ ಸಣ್ಣ ಮಾಡ್ಕೊಂಡು ವಾಪಸ್ ಬಂದೆ.

ನಾಲ್ಕನೇ ದಿನ ಬಿಗ್ ಸರ್. ಇದಕ್ಕೋಸ್ಕರನೇ ಇಷ್ಟೂ. 1932ರಲ್ಲಿ ಕಟ್ಟಿದ ಬಿಕ್ಸ್‌ಬಿ ಸೇತುವೆ ಮೇಲೆ ಮಂಜು ಒಂದ್ಸಲ ಸರಿದು ಕೆಳಗೆ ನೀಲಿ ಕಂಡಾಗ ನಾನು ಹೆಲ್ಮೆಟ್ ಒಳಗೇ ಏನೋ ಕಿರುಚಿದೆ, ಬರೆಯೋ ಹಾಗಿಲ್ಲ. ಆದ್ರೆ ಪ್ಲಾನ್ ಮಾಡೋರಿಗೆ ತಿಳೀಬೇಕಾಗಿರೋದು ಇದು, ಈ ರೋಡ್ ಪೂರ್ತಿ ತೆರೆದಿರುತ್ತೆ ಅಂತ ಯಾರೂ ಮಾತು ಕೊಡಲ್ಲ. ಕೈದಿಗಳ ಕೈಲೂ ಕೆಲಸ ಮಾಡಿಸಿ ಹದಿನೆಂಟು ವರ್ಷ ಕಟ್ಟಿ 1937ರಲ್ಲಿ ತೆರೆದ್ರು, ಅವತ್ತಿಂದ ಬೆಟ್ಟ ಅದನ್ನ ಸಮುದ್ರಕ್ಕೆ ತಳ್ತಾನೇ ಇದೆ. 2017ರ ಮೇನಲ್ಲಿ ಮಡ್ ಕ್ರೀಕ್ ಹತ್ರ ಕಾಲು ಮೈಲಿ ರೋಡ್ ಮಣ್ಣಡಿ ಹೋಯ್ತು, 54 ಮಿಲಿಯನ್ ಡಾಲರ್ ಸುರಿದು 2018ರ ಜುಲೈಯಲ್ಲಿ ತೆರೆದ್ರು. 2021ರಲ್ಲಿ ರ‍್ಯಾಟ್ ಕ್ರೀಕ್, 2023ರಲ್ಲಿ ಪಾಲ್ಸ್ ಸ್ಲೈಡ್, ನಾವು ಹೋದ ವರ್ಷ ರೀಜೆಂಟ್ಸ್ ಸ್ಲೈಡ್, ಅದು ಸಾಲದು ಅಂತ ಅದೇ ಮಾರ್ಚ್ 30ಕ್ಕೆ ರಾಕಿ ಕ್ರೀಕ್ ಹತ್ರ ದಕ್ಷಿಣಕ್ಕೆ ಹೋಗೋ ಲೇನಿನ ಒಂದು ತುಂಡೇ ಕಳಚಿ ಸಮುದ್ರಕ್ಕೆ ಬಿತ್ತು. ರೂಮು, ಊಟ, ಸೂರ್ಯಾಸ್ತ ಎಲ್ಲಾನೂ ನಿಮಿಷದ ಲೆಕ್ಕದಲ್ಲಿ ಬರೆದಿಟ್ಕೊಂಡಿರೋ ದೇಶದಲ್ಲಿ ರೋಡೊಂದೇ ನಮ್ಮ ಕಡೆಯೋರ ಥರ, ನೋಡೋಣ ನಾಳೆ, ಅನ್ನುತ್ತೆ. ರೋಡ್ ನೋಡ್ಕೊಳ್ಳೋ ಸರ್ಕಾರಿ ಇಲಾಖೆ ಕ್ಯಾಲ್‌ಟ್ರಾನ್ಸಿನೋರ ಕ್ವಿಕ್‌ಮ್ಯಾಪ್ ಅಂತ ಆನ್‌ಲೈನ್ ನಕ್ಷೆ ಇದೆ, ಎಲ್ಲಿ ರೋಡ್ ಮುಚ್ಚಿದೆ ಅಂತ ತೋರಿಸುತ್ತೆ, ಹೊರಡೋ ಬೆಳಿಗ್ಗೆ ಅದನ್ನ ನೋಡದೆ ಹೊರಡಬೇಡಿ.

ಮೆಕ್‌ವೇ ಜಲಪಾತ ನೋಡ್ಕೊಂಡು ಅಲ್ಲಿಂದ ವಾಪಸ್ ತಿರುಗಿದ್ವಿ, ಯಾಕಂದ್ರೆ ಆಗ ಮುಂದೆ ರೋಡಿರಲಿಲ್ಲ. ಎಲ್ಲ ಸರಿ ಇದ್ದಿದ್ರೆ ಕೇಂಬ್ರಿಯಾಕ್ಕೆ ಹೋಗೋಕೆ ಅರವತ್ತು ಮೈಲಿ ಚಿಲ್ಲರೆ, ಆಗ ಕಾರ್ಮೆಲ್‌ಗೆ ಹಿಂದೆ ಹೋಗಿ, ಬೆಟ್ಟ ಸುತ್ತಿ 101 ಹಿಡಿದು, ಪಾಸೋ ರೋಬಲ್ಸಿಂದ ಮತ್ತೆ ಸಮುದ್ರಕ್ಕೆ ಇಳೀಬೇಕಿತ್ತು. ಅದೂ ಶೀಟಲ್ಲಿತ್ತು. ಬೆಟ್ಟದ ಈಚೆ 15 ಡಿಗ್ರಿ, ಜಾಕೆಟ್ ಒಳಗೆ ಸ್ವೆಟರು, ಆಚೆ ದಾಟಿದ್ರೆ 38. ಒಂದೇ ದಿನದಲ್ಲಿ ಮಡಿಕೇರಿ ಮಳೆ, ರಾಯಚೂರು ಬಿಸಿಲು ಎರಡನ್ನೂ ಮೈ ಮೇಲೆ ಹೊತ್ಕೊಂಡ ಹಾಗಾಯ್ತು. ಪದರ ಪದರವಾಗಿ ಹಾಕ್ಕೋಬೇಕು, ಎಲ್ಲಾದಕ್ಕೂ ಒಂದೇ ದಪ್ಪ ಜಾಕೆಟ್ ಅಂತ ತಂದ್ರೆ ಎರಡು ಕಡೆನೂ ಸಾಯ್ತೀರ. ಮತ್ತೆ ಕಾರ್ಮೆಲಲ್ಲೇ ಟ್ಯಾಂಕ್ ತುಂಬಿಸ್ಕೊಂಡು ಹೋಗಿ, ಬಿಗ್ ಸರಲ್ಲಿ ಇರೋದು ಒಂದೋ ಎರಡೋ ಬಂಕು, ಅಲ್ಲಿನ ರೇಟ್ ನೋಡಿದ್ರೆ ಗಾಡಿ ತಳ್ಕೊಂಡೇ ಹೋಗೋಣ ಅನ್ಸುತ್ತೆ.

ಓಡಿಸೋ ರೀತಿಯಲ್ಲಿ ನಂಗೆ ಇಷ್ಟ ಆದದ್ದು ಎರಡು. ತಿರುವಿಗೆ ಮುಂಚೆ ಹಳದಿ ಬೋರ್ಡಲ್ಲಿ 20 ಅಂತ ಬರೆದಿದ್ರೆ ಅದು ನಿಜವಾಗ್ಲೂ ಇಪ್ಪತ್ತರ ತಿರುವು, ಸುಮ್ನೆ ಹೆದರಿಸೋಕೆ ಹಾಕಿದ್ದಲ್ಲ, ಎರಡು ದಿನದಲ್ಲಿ ಅದನ್ನ ಕಣ್ಣು ಮುಚ್ಚಿ ನಂಬೋಕೆ ಶುರು ಮಾಡಿದೆ. ಇನ್ನೊಂದು, ನಿಧಾನ ಹೋಗೋ ಗಾಡಿ ಹಿಂದೆ ಐದು ಗಾಡಿ ಸೇರ್ಕೊಂಡ್ರೆ ಪಕ್ಕಕ್ಕೆ ತಿರುಗಿ ದಾರಿ ಬಿಡಬೇಕು ಅಂತ ಕಾನೂನೇ ಇದೆ, ಬಹಳ ಜನ ಐದಾಗೋವರೆಗೂ ಕಾಯಲ್ಲ. ನಾವಾದ್ರೆ ತಿರುವಿಗೆ ಮುಂಚೆ ಹಾರ್ನ್ ಹೊಡಿತೀವಿ, ಬರ್ತಿದೀನಪ್ಪಾ ಅಂತ, ಅದು ಒಂಥರ ಮಾತುಕತೆ. ಅಭ್ಯಾಸ ಬಲದಿಂದ ಲೆಗೆಟ್ ಘಾಟಿಯಲ್ಲಿ ಎರಡು ಸಲ ಹೊಡೆದೆ, ಎದುರಿಂದ ಬಂದ ತಾತ ಬೆರಳು ತೋರಿಸಿ ಹೋದ. ಬೈಕಿನೋರು ಮಾತ್ರ ಎಡಗೈ ಕೆಳಗಿಳಿಸಿ ಎರಡು ಬೆರಳು ಚಾಚ್ತಾರೆ, ಎದುರಾದ ಪ್ರತಿಯೊಬ್ಬ ಬೈಕಿನೋನಿಗೂ. ನಂಗೆ ಮೊದಲ ದಿನ ಅದು ಏನಂತ ಗೊತ್ತಾಗದೆ ಟೈರಲ್ಲಿ ಏನೋ ಆಗಿದೆ ಅಂತ ತೋರಿಸ್ತಿದಾರೆ ಅನ್ಕೊಂಡು ನಿಲ್ಲಿಸಿ ನೋಡಿದ್ದೆ.

ಕೊನೇ ದಿನ ಪಿಯೆಡ್ರಾಸ್ ಬ್ಲಾಂಕಾಸ್ ಹತ್ರ ದಂಡೆ ಮೇಲೆ ಮಲಗಿರೋ ಆನೆ ಸೀಲುಗಳನ್ನ ನೋಡ್ತಾ ನಿಂತಾಗ ಅವನು ಕೇಳಿದ, ನಿಮ್ಮೂರಲ್ಲಿ ಹೇಗೆ ಪ್ಲಾನ್ ಮಾಡ್ತೀರಿ ಅಂತ. ಲೂನಾ ಕಥೆ ಹೇಳಿದೆ. ಚೆನ್ನಾಗಿ ನಕ್ಕ, ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದ, "ಊಟ ಬಿಟ್ಟು ಬಂದನಲ್ಲ, ಅವನಿಗೆ ಎಷ್ಟು ಕೊಟ್ರಿ?" ಎಪ್ಪತ್ತೋ ಎಂಬತ್ತೋ ರೂಪಾಯಿ. ಪಂಕ್ಚರ್ ರೇಟು. ಜಾಸ್ತಿ ಕೇಳ್ತಿದಾನೆ ಅಂತ ಚೌಕಾಸಿ ಮಾಡಿದ್ದೂ ನೆನಪಾಯ್ತು, ಅದನ್ನ ಹೇಳಲಿಲ್ಲ. ನಾವು ಪ್ಲಾನ್ ಇಲ್ದೆ ಬಿಂದಾಸಾಗಿ ಹೋಗ್ತೀವಿ ಅಂತ ಬೀಗ್ತೀವಲ್ಲ, ನಮ್ಮ ಬಿಂದಾಸಿಗೆ ಬಿಲ್ ಕಟ್ಟೋರು ಯಾವಾಗ್ಲೂ ಬೇರೆ ಯಾರೋ, ಊಟ ಬಿಟ್ಟು ಬರೋನು, ರಾತ್ರಿ ಒಂದಕ್ಕೆ ಎದ್ದು ರೂಮ್ ಬಾಗಿಲು ತೆಗೆಯೋ ಹುಡುಗ.

ಡಿಸೆಂಬರಲ್ಲಿ ಊರಿಗೆ ಹೋಗಿದ್ದೆ. ಅದೇ ಗ್ರೂಪು, ಅದೇ ಮಂಗಳೂರು ಕಾರವಾರ. ಈ ಸಲ ನಾನೊಂದು ಶೀಟ್ ಕಳಿಸಿದೆ, ಜಾಸ್ತಿ ಏನಿಲ್ಲ, ಏಳು ಸಾಲು. "ಅಮೆರಿಕನ್ ಆಗ್ಬಿಟ್ಯಲ್ಲೋ ಮಗಾ" ಅಂತ ಬೈಸ್ಕೊಂಡೆ, ಪ್ಲಗ್ ಕಿಟ್ ತಂದಿದ್ದಕ್ಕೆ ಇನ್ನೂ ಜಾಸ್ತಿ ಬೈಸ್ಕೊಂಡೆ, ಮೂರು ದಿನದಲ್ಲಿ ಅದನ್ನ ಚೀಲದಿಂದ ಹೊರಗೆ ತೆಗೆಯೋ ಅವಕಾಶನೂ ಬರಲಿಲ್ಲ. ಅಂಕೋಲಾ ಹತ್ರ ಶಿರೂರು ಬಂತು. 2024ರ ಜುಲೈ 16ಕ್ಕೆ ಗುಡ್ಡ ಕುಸಿದ ಜಾಗ. ಬಿಗ್ ಸರಲ್ಲಿ ಗುಡ್ಡ ಕುಸಿದ್ರೆ ರೋಡ್ ಹೋಗುತ್ತೆ. ಇಲ್ಲಿ ಗುಡ್ಡದ ಬುಡದಲ್ಲಿ ಚಹಾ ಹೋಟ್ಲಿತ್ತು, ಚಹಾ ಕುಡಿಯೋಕೆ ಅಂತ ಲಾರಿಯೋರು ನಿಲ್ಲಿಸ್ತಿದ್ರು. ಹಿಂದಿನ ರೈಡುಗಳಲ್ಲಿ ನಾವೂ ಅಲ್ಲಿ ನಿಲ್ಲಿಸಿದ್ವಾ ಇಲ್ವಾ ಅಂತ ಆರು ಜನಕ್ಕೂ ಸರಿಯಾಗಿ ನೆನಪಾಗಲಿಲ್ಲ, ಅಂಥ ಹೋಟ್ಲುಗಳು ದಾರಿಯುದ್ದಕ್ಕೂ ಎಷ್ಟೋ ಇದ್ವು, ಯಾವುದರ ಹೆಸರನ್ನೂ ಬರೆದಿಟ್ಕೊಂಡಿರಲಿಲ್ಲ. ಗಾಡಿ ಆಫ್ ಮಾಡಿ ಸ್ವಲ್ಪ ಹೊತ್ತು ನಿಂತ್ವಿ, ಗಂಗಾವಳಿ ಕೆಳಗೆ ಹರೀತಿತ್ತು, ಚಹಾಕ್ಕೆ ಮುಂದೆ ನೋಡೋಣ ಅಂತ ಯಾರೋ ಅಂದ್ರು, ಹೊರಟ್ವಿ.